ಕಾಡಿನ ಬಸವನಹುಳು ಪೀಡೆಯಲ್ಲ

ಮಾನ್ಯರೇ,

ಮಳೆಗಾಲ ಬಂತೆಂದರೆ ಕೊಡಗು ಮತ್ತು ಮಲೆನಾಡಿನ ತೋಟಗಳಲ್ಲಿ ಆಫ್ರಿಕಾದ ದೈತ್ಯ ಬಸವನಹುಳುವಿನ ಹಾವಳಿ ಸುದ್ದಿಯಾಗುತ್ತದೆ. ಬೆಳೆಗಾರರ ನಷ್ಟ ನಿಜವೇ. ಆದರೆ 1847ರಲ್ಲಿ ಕೋಲ್ಕತ್ತಕ್ಕೆ ತಂದುಬಿಟ್ಟ ಆ ಹೊರಗಿನ ಜೀವಿಯ ಮೇಲಿನ ಸಿಟ್ಟಿಗೆ, ಪಶ್ಚಿಮ ಘಟ್ಟದಲ್ಲೇ ನೆಲೆಯಾಗಿರುವ 200ಕ್ಕೂ ಹೆಚ್ಚು ಬಗೆಯ ಬಸವನಹುಳುಗಳೂ ಚಿಪ್ಪಿಲ್ಲದ ಸಿಂಬಳದ ಹುಳುಗಳೂ ಬಲಿಯಾಗಬಾರದು.

ಕಾಡಿನ ನೆಲದಲ್ಲಿ ಉದುರಿ ಬಿದ್ದ ಒದ್ದೆ ದರಗನ್ನು (ತರಗೆಲೆಯನ್ನು) ಮಗುಚಿದರೆ ಕಾಳಿನಷ್ಟು ಚಿಕ್ಕ ಚಿಪ್ಪುಗಳು ಎಲೆಯ ಅಡಿಗೆ ಅಂಟಿಕೊಂಡಿರುವುದು ಕಾಣುತ್ತದೆ. ಅರದಂತೆ ಒರಟಾದ ನಾಲಿಗೆಯಿಂದ ಕೊಳೆತ ಎಲೆ, ಅಣಬೆ, ಪಾಚಿಗಳನ್ನು ಕೆರೆದು ತಿನ್ನುವ ಇವು ಹಿಕ್ಕೆಯ ಮೂಲಕ ಸತ್ವವನ್ನು ಮಣ್ಣಿಗೆ ಮರಳಿಸುತ್ತವೆ. ಅನೇಕ ಜಾತಿಯ ಮಿಂಚುಹುಳುಗಳ ಮರಿಗಳಿಗೆ ಇವೇ ಆಹಾರ. ಚಿಪ್ಪಿನ ಸುಣ್ಣವಂತೂ ಮೊಟ್ಟೆಯ ಕವಚಕ್ಕಾಗಿ ಹಲವು ಹಕ್ಕಿಗಳಿಗೆ ಅತ್ಯಗತ್ಯ: ನೆದರ್‌ಲ್ಯಾಂಡ್ಸ್‌ನ ಕಾಡುಗಳಲ್ಲಿ ಆಮ್ಲಮಳೆಯಿಂದ ಮಣ್ಣಿನ ಸುಣ್ಣ ಕರಗಿ ಬಸವನಹುಳುಗಳು ವಿರಳವಾದಾಗ, ಅಲ್ಲಿನ ‘ಗ್ರೇಟ್ ಟಿಟ್’ ಎಂಬ ಪುಟ್ಟ ಹಕ್ಕಿಗಳು ತೆಳು ಕವಚದ, ಬೇಗ ಒಡೆಯುವ ಮೊಟ್ಟೆಗಳನ್ನಿಡತೊಡಗಿದ್ದನ್ನು 1990ರ ದಶಕದಲ್ಲಿ ವಿಜ್ಞಾನಿಗಳು ದಾಖಲಿಸಿದರು.

ತೋಟಗಳಲ್ಲಿ ಬಸವನಹುಳು ಕೊಲ್ಲಲು ಬಳಸುವ ಮೆಟಾಲ್ಡಿಹೈಡ್ ಎಂಬ ವಿಷದ ಗುಳಿಗೆಗೆ ಊರಿನ ಹುಳು, ಪರದೇಶದ ಹುಳು ಎಂಬ ಭೇದವಿಲ್ಲ. ಆದ್ದರಿಂದ ಕಾಡಂಚಿನ ತೋಟಗಳಲ್ಲಿ ದೈತ್ಯ ಹುಳುಗಳನ್ನು ಸಂಜೆ ಹೊತ್ತು ಕೈಯಿಂದ ಆರಿಸಿ ನಾಶಪಡಿಸುವ ಕ್ರಮಕ್ಕೆ ತೋಟಗಾರಿಕೆ ಇಲಾಖೆ ಕೂಲಿಯ ನೆರವು ನೀಡಬೇಕು. ಅಡಿಕೆ ತೋಟಗಳಿಗೆ ಸೊಪ್ಪು, ದರಗು ಒದಗಿಸುವ ಕಾಡುಗಳಾದ ಸೊಪ್ಪಿನಬೆಟ್ಟಗಳಲ್ಲಿ ದರಗು ಗುಡಿಸುವವರು ಅಲ್ಲಲ್ಲಿ ಒಂದಿಷ್ಟು ನೆಲವನ್ನು ಮುಟ್ಟದೆ ಬಿಡಬೇಕು.

– ಓರ್ವ ಓದುಗ, ಶಿರಸಿ