ಮನಸ್ಸಿನ ಮಾತಿಗೆ ಬಾನುಲಿಯಲ್ಲಿ ಜಾಗವಿರಲಿ

ಮಾನ್ಯ ಸಂಪಾದಕರೇ,

ಕಲಬುರಗಿಯ ಕಾಲೇಜೊಂದರಲ್ಲಿ ಮನಃಶಾಸ್ತ್ರ ಓದುತ್ತಿರುವ ನಾನು, ವಿದ್ಯಾರ್ಥಿಗಳೇ ನಡೆಸುವ ವಾರದ ಬಾನುಲಿ ಕಾರ್ಯಕ್ರಮವೊಂದರ ನಿರೂಪಕಿ. ಆರಂಭದಲ್ಲಿ ಪಠ್ಯದ ‘ಆತಂಕ’, ‘ಖಿನ್ನತೆ’ ಎಂಬ ಪದಗಳನ್ನೇ ಬಳಸುತ್ತಿದ್ದಾಗ ಯಾರೂ ಕರೆ ಮಾಡುತ್ತಿರಲಿಲ್ಲ. ‘ಪರೀಕ್ಷೆ ಅಂದ್ರ ಎದಿ ಡವಡವ ಅಂತದೇನು, ರಾತ್ರಿ ನಿದ್ದಿ ಹತ್ತಂಗಿಲ್ಲೇನು’ ಎಂದು ಮನೆಮಾತಿನಲ್ಲಿ ಕೇಳತೊಡಗಿದ ಮೇಲೆ ಕರೆಗಳು ಬರಲಾರಂಭಿಸಿದವು. ಮುಖ ತೋರಿಸದೆ ಮಾತನಾಡುವ ಧೈರ್ಯವನ್ನು ಬಾನುಲಿಯಷ್ಟು ಕೊಡುವ ಮಾಧ್ಯಮ ನನಗೆ ಬೇರೆ ಕಂಡಿಲ್ಲ. ನಾವು ರೋಗ ನಿರ್ಣಯಿಸುವುದಿಲ್ಲ, ಔಷಧ ಹೇಳುವುದಿಲ್ಲ, ಕರೆ ಮಾಡಿದವರ ಹೆಸರು, ಊರು ಪ್ರಸಾರ ಮಾಡುವುದಿಲ್ಲ. 2022ರಲ್ಲಿ ಆರಂಭವಾದ, ಕನ್ನಡದಲ್ಲೂ ಉಚಿತವಾಗಿ ದೊರೆಯುವ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಮಾತ್ರ ಪ್ರತಿ ವಾರ ಎರಡು ಬಾರಿ ನಿಧಾನವಾಗಿ ಓದುತ್ತೇವೆ.

ಮನಸ್ಸಿನ ಆರೈಕೆಯನ್ನು ಹಳ್ಳಿಗಳಿಗೂ ತಲುಪಿಸಲು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಮ್ಮದೇ ರಾಜ್ಯದ ಬಳ್ಳಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ನಡೆಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದರೆ ನಮ್ಮ ಪ್ರಸಾರ ಕೆಲವೇ ಕಿಲೋಮೀಟರಿಗೆ ಮುಗಿಯುವುದರಿಂದ ಆಳಂದ, ಚಿಂಚೋಳಿಯ ಹಳ್ಳಿಗಳಲ್ಲಿ ಒಬ್ಬರೇ ನವೆಯುತ್ತಿರುವ ನಮ್ಮ ವಯಸ್ಸಿನವರನ್ನು ಅದು ತಲುಪುತ್ತಿಲ್ಲ. ಆಕಾಶವಾಣಿಯ ಕಲಬುರಗಿ ಕೇಂದ್ರವು ವಾರಕ್ಕೆ ಅರ್ಧ ಗಂಟೆಯನ್ನು, ಮನೋವೈದ್ಯರ ಮಾರ್ಗದರ್ಶನದಲ್ಲಿ, ವಿದ್ಯಾರ್ಥಿಗಳಿಗೆ ನೀಡಬೇಕೆಂದು, ಅದನ್ನು ವಾರ್ಷಿಕ ಪರೀಕ್ಷೆಗಳಿಗೆ ಮುನ್ನವೇ ಆರಂಭಿಸಬೇಕೆಂದು ಕಳಕಳಿಯಿಂದ ಕೋರುತ್ತೇನೆ.

– ಮನಃಶಾಸ್ತ್ರ ವಿದ್ಯಾರ್ಥಿನಿ, ಕಲಬುರಗಿ