ಬೀಗದ ಹಿಂದಿರುವ ಕಂಪ್ಯೂಟರ್‌ಗಳು: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಕಂಪ್ಯೂಟರ್ ಕೊಡಿ ಎಂದು ಕೇಳುವ ಪತ್ರಗಳು ತಮಗೆ ಬೇಕಾದಷ್ಟು ಬಂದಿರುತ್ತವೆ. ನಮ್ಮಲ್ಲಿ ಕಂಪ್ಯೂಟರ್ ಇವೆ. ಅವಿರುವ ಕೋಣೆಗೆ ಬೀಗವೂ ಇದೆ. ನಾನು ಬರೆಯುತ್ತಿರುವುದು ಆ ಬೀಗದ ಬಗ್ಗೆ.

ಮೊದಲು ಒಂದು ತ್ರಿಕೋನದ ಕಥೆ ಕೇಳಿ. 1967ರಲ್ಲಿ ಗಣಿತಜ್ಞ ಸೀಮರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗೆಂದೇ ಲೋಗೋ ಎಂಬ ಕೋಡಿಂಗ್ ಭಾಷೆ ಮಾಡಿದರು. ಅದರಲ್ಲಿ ಮಗು ಹೇಳಿದಂತೆ ಪರದೆಯ ಮೇಲೆ ಒಂದು ಆಮೆ ನಡೆದು ಗೆರೆ ಎಳೆಯುತ್ತದೆ. ‘ಮುಂದೆ 100, ಬಲಕ್ಕೆ 90’ ಎಂದು ನಾಲ್ಕು ಸಲ ಹೇಳಿದರೆ ಚೌಕ. ಇದು ಎಲ್ಲರಿಗೂ ಬರುತ್ತದೆ. ಮೂರೂ ಬದಿ ಸಮ ಇರುವ ತ್ರಿಕೋನ ಬರೆಯಿರಿ ಎಂದೆ. ಮೂಲೆ 60 ಡಿಗ್ರಿ ಎಂದು ಬಾಯಿಪಾಠ ಮಾಡಿದ್ದ ಹುಡುಗಿ ‘ಬಲಕ್ಕೆ 60’ ಎಂದು ಮೂರು ಸಲ ಕೊಟ್ಟಳು. ಗೆರೆಗಳು ಒಂದಕ್ಕೊಂದು ಸೇರಲೇ ಇಲ್ಲ. ಹಟ ಹಿಡಿದು ಆರು ಸಲ ಕೊಟ್ಟಳು, ಷಟ್ಕೋನ ಬಂತು! ಆಮೇಲೆ ಎದ್ದು ತಾನೇ ನೆಲದ ಮೇಲೆ ನಡೆದು, ತಿರುಗಿ ನೋಡಿ, ‘ಟೀಚರ್, ಆಮೆ ತಿರುಗಬೇಕಾದ್ದು ಹೊರಗಿನ ಕೋನ, 120’ ಎಂದಳು. ಇದನ್ನು ನಾನು ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದು ಹೇಳಿದ್ದೇನೋ, ಲೆಕ್ಕವಿಲ್ಲ.

ಆ ಹುಡುಗಿಗೆ ಎರಡು ಸಲ ತಪ್ಪು ಮಾಡಲು ಸಮಯ ಸಿಕ್ಕಿತ್ತು, ಅಷ್ಟೆ. ವಾರಕ್ಕೊಂದು ಪಿರಿಯಡ್‌ನಲ್ಲಿ ಅದು ಸಿಗುವುದಿಲ್ಲ. ಯಂತ್ರ ಆನ್ ಆಗಿ ಎಲ್ಲರೂ ಕೂರುವಷ್ಟರಲ್ಲಿ ಬೆಲ್ ಹೊಡೆಯುತ್ತದೆ. ಎರಡು ಪಿರಿಯಡ್ ಒಟ್ಟಿಗೆ ಕೊಡಿ.

ಇನ್ನು ಬೀಗ. ಯಂತ್ರ ಕೆಟ್ಟರೆ ಸ್ಟಾಕ್ ರಿಜಿಸ್ಟರ್‌ನಲ್ಲಿ ಸಹಿ ಮಾಡಿದವರು ಉತ್ತರ ಕೊಡಬೇಕು. ಹೀಗಿದ್ದಾಗ ಬೀಗ ಹಾಕುವುದೇ ಜಾಣತನ, ನಾನೂ ಹಾಕಿದ್ದೇನೆ. ಮಕ್ಕಳ ಕೈಯಲ್ಲಿ ಸಹಜವಾಗಿ ಕೆಟ್ಟದ್ದಕ್ಕೆ ಶಿಕ್ಷಕರು ಹೊಣೆಯಲ್ಲ ಎಂಬ ಒಂದು ಸಾಲಿನ ಆದೇಶ ಸಾಕು, ಹೊಸ ಲ್ಯಾಬ್‌ಗಿಂತ ಅದರಿಂದ ಹೆಚ್ಚು ಉಪಯೋಗವಾದೀತು. ಬಿಬಿಸಿ 2016ರಲ್ಲಿ ಬ್ರಿಟನ್ನಿನ 11-12 ವರ್ಷದ ಮಕ್ಕಳಿಗೆ ಹತ್ತಿರ ಹತ್ತಿರ 10 ಲಕ್ಷ ಮೈಕ್ರೋಬಿಟ್ ಹಂಚಿತು. ಮಕ್ಕಳೇ ಕೋಡ್ ಬರೆದು ನಡೆಸುವ, ಅಂಗೈಗಿಂತ ಚಿಕ್ಕ ಬೋರ್ಡು: 25 ಪುಟ್ಟ ಕೆಂಪು ದೀಪ, ಎರಡು ಬಟನ್, ಅಲುಗಾಟ ತಿಳಿಯುವ ಸೆನ್ಸರ್. ಅದನ್ನು ಕೊಟ್ಟಿದ್ದು ಮಗುವಿಗೆ, ಬೀರುವಿಗಲ್ಲ.

ದುಬಾರಿ ಸಾಮಾನು ಬೇಡ. ಬಣ್ಣದ ತುಂಡುಗಳನ್ನು ಜೋಡಿಸಿ ಕೋಡ್ ಮಾಡುವ, 2007ರಲ್ಲಿ ಬಂದ ಸ್ಕ್ರ್ಯಾಚ್ ಉಚಿತ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಒಂದು ಯಂತ್ರಕ್ಕೆ ಇಬ್ಬರು ಕೂತರೆ ಒಳ್ಳೆಯದೇ, ಮಾತಾಡುತ್ತಾ ತಪ್ಪು ಹುಡುಕುತ್ತಾರೆ. ಆದರೆ ಹತ್ತು ನಿಮಿಷಕ್ಕೊಮ್ಮೆ ಮೌಸ್ ಕೈ ಬದಲಾಗಲೇಬೇಕು. ಇಲ್ಲದಿದ್ದರೆ ಜೋರಿನವನೇ ಆಡುತ್ತಾನೆ, ಹುಡುಗಿಯರು ಹಿಂದೆ ನಿಂತು ನೋಡುತ್ತಾರೆ. ಶಿಕ್ಷಕರ ತರಬೇತಿಯೂ ಹೀಗೇ ಇರಲಿ. ದಿನವಿಡೀ ಸ್ಲೈಡ್ ನೋಡಿ ಬಂದವರಿಗೆ ಸ್ಲೈಡ್ ತೋರಿಸಲಷ್ಟೇ ಬರುತ್ತದೆ.

ಒಮ್ಮೆ ನಮ್ಮ ತರಗತಿಗೆ ಬನ್ನಿ. ನೆಲದ ಮೇಲೆ ಚಾಕ್‌ಪೀಸಿನಲ್ಲಿ ಚೌಕಗಳನ್ನು ಬರೆದಿರುತ್ತೇವೆ. ತಾವು ರೋಬೋಟ್ ಆಗಿ ನಿಲ್ಲಬೇಕು, ಮೂರನೇ ತರಗತಿಯವರು ಆಜ್ಞೆ ಕೊಡುತ್ತಾರೆ. ಒಂದೆರಡು ಸಲ ಗೋಡೆಗೆ ಹಾಯಬೇಕಾದೀತು, ಬೇಸರಿಸಬೇಡಿ.

ಇಂತಿ,
ಕಂಪ್ಯೂಟರ್ ಕೋಣೆಯ ಬೀಗದ ಕೈ ಇಟ್ಟುಕೊಂಡಿರುವ ಒಬ್ಬ ಶಿಕ್ಷಕಿ