ನೋಡದ ವಿಮಾನದ ಬಗ್ಗೆ

ಚಿ. ಸಹನಾಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ಕಾಗದದ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ಹಾರುವುದನ್ನು ಕಣ್ಣಾರೆ ನೋಡದ ವಿಮಾನ ಮಾಡ್ತಿದ್ದೀನಿ, ನಾನು ಮಾಡ್ತಿರೋದೆಲ್ಲ ಸುಳ್ಳೇನೋ ಅಂತ ಹೆದರಿಕೆ ದೊಡ್ಡಪ್ಪ" ಅಂತ. ಆ ಸಾಲು ನನ್ನನ್ನು ಬಿಡುತ್ತಿಲ್ಲ. ಹದಿನಾಲ್ಕು ತಿಂಗಳಿಂದ ಕೂತು ಕಂಪ್ಯೂಟರಿನಲ್ಲಿ ಹಳೇ ತರಬೇತಿ ವಿಮಾನ ಎಚ್‌ಟಿ-2ರ ಮಾದರಿ ಕಟ್ಟಿದ್ದೀಯ, ರೆಕ್ಕೆಯ ರಿವೆಟ್ ಸಾಲುಗಳನ್ನು ಮೂರು ಸಲ ಅಳಿಸಿ ಬರೆದಿದ್ದೀಯ, ಆದರೆ ಒಂದು ಸಲವೂ ಅದನ್ನು ಮಾದರಿ ವಿಮಾನ ಹಾರಿಸುವ ಸಿಮ್ಯುಲೇಟರ್‌ನಲ್ಲಿ ಹಾರಿಸಿಲ್ಲ. ಹೆದರಿಕೆ ಅಷ್ಟು ದೂರ ಹೋಗಿದೆ ಅಂತ ನನಗೆ ತಿಳಿದಿರಲಿಲ್ಲ.

1951ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ಆ ವಿಮಾನ ಮೊದಲ ಸಲ ಮೇಲೆದ್ದಿತು. ಹಿಂದಿನ ದಿನದವರೆಗೆ ಅದು ಹಾರುವುದನ್ನು ಯಾರೂ ನೋಡಿರಲಿಲ್ಲ. ಅದರ ವಿನ್ಯಾಸ ಮಾಡಿದ ವಿ. ಎಂ. ಘಾಟಗೆಯವರೂ ನೋಡಿರಲಿಲ್ಲ. ಜರ್ಮನಿಯಲ್ಲಿ ಹಾರಾಟದ ಶಾಸ್ತ್ರಕ್ಕೆ ಹೆಸರಾದ ವಿಜ್ಞಾನಿ ಪ್ರಾಂಟ್ಲ್ ಅವರ ಕೈಕೆಳಗೆ ಕಲಿತು ಬಂದವರು ಅವರು. ಅಷ್ಟು ಓದಿದವರಿಗೂ ಕೊನೆಗೆ ಉಳಿದ ದಾರಿ ಒಂದೇ, ಪರೀಕ್ಷಾ ಪೈಲಟ್ ಕ್ಯಾಪ್ಟನ್ ಜಮ್‌ಶೆಡ್ ಮುನ್ಷಿಯವರು ಅದನ್ನು ಹಾರಿಸಿಯೇ ನೋಡಬೇಕಿತ್ತು. ಇದನ್ನು ಹೇಳಿದರೆ ನಿನಗೆ ಸಮಾಧಾನವಾಗುವುದಿಲ್ಲ ಅಂತ ಗೊತ್ತು. ಅವರದು ಇನ್ನೂ ಬರಬೇಕಾಗಿದ್ದ ವಿಮಾನ, ನಿನ್ನದು ಬಂದು ಹೋದ ವಿಮಾನ. ಬಂದು ಹೋದದ್ದಕ್ಕೆ ಸಾಕ್ಷಿ ಕೇಳುವವರು ಇರುತ್ತಾರೆ.

ಸಾಕ್ಷಿ ಅಂದಾಗ ನನ್ನ ಎದೆ ಚುರ್ ಅನ್ನುತ್ತದೆ. ನನ್ನ ಹತ್ತಿರ ಎರಡು ನೋಟ್‌ಬುಕ್ ಇದ್ದವು. ಹ್ಯಾಂಗರ್‌ನಲ್ಲಿ ಹೆಲ್ಪರ್ ಆಗಿದ್ದಾಗ ಯಾವ ಪ್ಯಾನೆಲ್ ಬಿಚ್ಚಿದರೂ ಅದರ ಚಿತ್ರ, ಸ್ಕ್ರೂ ಎಷ್ಟು, ಒಳಗೆ ಕೇಬಲ್ ಹೇಗೆ ಹೋಗುತ್ತದೆ, ಎಲ್ಲ ಪೆನ್ಸಿಲ್‌ನಲ್ಲಿ ಬರೆದಿಡುತ್ತಿದ್ದೆ. ಮನೆ ಬದಲಿಸುವಾಗ ಹಳೇ ಪೇಪರ್ ಜೊತೆ ಅವನ್ನೂ ಗುಜರಿಗೆ ಹಾಕಿದೆ. ಯಾರೂ ಹಾಕು ಅನ್ನಲಿಲ್ಲ, ನಾನೇ ಹಾಕಿದ್ದು. ಅವು ಇದ್ದಿದ್ದರೆ ನೀನು ಈ ಸಾಲು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ನಿನ್ನ ಹೆದರಿಕೆಯಲ್ಲಿ ನನ್ನ ಪಾಲೂ ಇದೆ ಮಗಳೇ.

ಇನ್ನೊಂದನ್ನು ಹೇಳಿಬಿಡುತ್ತೇನೆ. ಹೋದ ವರ್ಷ ನೀನು ಕಾಕ್‌ಪಿಟ್ ಬಗ್ಗೆ ಕೇಳಿದಾಗ ಯಾವ ಡಯಲ್ ಎಲ್ಲಿ, ಯಾವ ಗುಂಡಿಗೆ ಯಾವ ಬಣ್ಣ ಅಂತ ತಡೆಯಿಲ್ಲದೆ ಹೇಳಿದೆ. ಈಗ ಕಣ್ಣು ಮುಚ್ಚಿ ನೆನೆಸಿಕೊಂಡರೆ ಅದು ಎಚ್‌ಟಿ-2ರದೋ, ಪಕ್ಕದಲ್ಲೇ ನಿಲ್ಲುತ್ತಿದ್ದ ಪುಷ್ಪಕ್ ವಿಮಾನದ್ದೋ ಖಾತ್ರಿಯಿಲ್ಲ. ಕಣ್ಣಾರೆ ನೋಡಿದವನ ಸ್ಥಿತಿ ಇದು. ನೀನು ನೋಡಿಲ್ಲ ಅಂತ ಕೊರಗುತ್ತಿದ್ದೀಯ.

ಸುಳ್ಳಿನ ವಿಷಯಕ್ಕೆ ಬರುತ್ತೇನೆ. ಇದನ್ನು ನಿನ್ನ ದೊಡ್ಡಮ್ಮನಿಗೂ ಹೇಳಿಲ್ಲ.

1974, ಗೌರಿ ಹಬ್ಬದ ಹಿಂದಿನ ಸಂಜೆ. ನಾನಿದ್ದ ಫ್ಲೈಯಿಂಗ್ ಕ್ಲಬ್‌ನಲ್ಲಿ ಒಂದು ಎಚ್‌ಟಿ-2ರ ತಪಾಸಣೆ ಮುಗಿಯುತ್ತಿತ್ತು. ನನ್ನ ಪಾಲಿಗೆ ಬಂದದ್ದು ಬಾಲದ ಕಡೆಯ ಕೆಲಸ, ಮೂತಿಯನ್ನು ಮೇಲೆ ಕೆಳಗೆ ಮಾಡುವ ಎಲಿವೇಟರ್ ಪಟ್ಟಿಯ ಹಿಂಜ್‌ನ ಬೋಲ್ಟು, ಅದು ಸಡಿಲವಾಗದಂತೆ ಹಿಡಿಯುವ ಸ್ಪ್ಲಿಟ್ ಪಿನ್. ಊರಿನ ಕೊನೆ ಬಸ್ಸಿಗೆ ಇಪ್ಪತ್ತು ನಿಮಿಷ ಇತ್ತು. ಎಡಗಡೆಯದನ್ನು ನೋಡಿದೆ. ಬಲಗಡೆಯದನ್ನು ನೋಡಲಿಲ್ಲ. ಎರಡಕ್ಕೂ ಸಹಿ ಹಾಕಿ ಓಡಿದೆ. ಬಸ್ಸಿನಲ್ಲಿ ನಿದ್ದೆ ಬರಲಿಲ್ಲ, ಹಬ್ಬದ ಊಟ ಇಳಿಯಲಿಲ್ಲ. ಮಧ್ಯಾಹ್ನವೇ ಹೊರಟು ವಾಪಸ್ ಬಂದೆ. ಬರುವಷ್ಟರಲ್ಲಿ ವಿಮಾನ ಮೇಲಿತ್ತು, ಒಳಗೆ ಕಲಿಯುವ ಹುಡುಗನೊಬ್ಬ, ಕಲಿಸುವವರೊಬ್ಬರು. ರನ್‌ವೇ ಪಕ್ಕದ ಹುಲ್ಲಿನಲ್ಲಿ ನಿಂತು ಅದು ಸುತ್ತು ಹಾಕುವುದನ್ನೇ ನೋಡಿದೆ. ಇಳಿದ ಮೇಲೆ ಯಾರಿಗೂ ಕಾಣದ ಹಾಗೆ ಹೋಗಿ ಬಗ್ಗಿ ನೋಡಿದೆ. ಪಿನ್ ಇತ್ತು. ಸರಿಯಾಗಿಯೇ ಇತ್ತು. ಏನೂ ಆಗಲಿಲ್ಲ, ಯಾರಿಗೂ ತಿಳಿಯಲಿಲ್ಲ. ಆದರೂ ಇವತ್ತಿಗೂ ಬಾಲ ಎತ್ತಿ ಓಡುವ ವಿಮಾನ ಕಂಡರೆ ನನ್ನ ಕಣ್ಣು ಮೊದಲು ಬಲಗಡೆ ಹಿಂಜ್‌ಗೇ ಹೋಗುತ್ತದೆ.

ನೋಡದೆ ನೋಡಿದೆ ಅಂತ ಸಹಿ ಹಾಕಿದೆನಲ್ಲ, ನನಗೆ ಗೊತ್ತಿರುವ ಸುಳ್ಳು ಅದು. ನೀನು ಮಾಡುತ್ತಿರುವುದು ಅದಲ್ಲ. ಫೋಟೋ ಇಟ್ಟುಕೊಂಡು, 10.72 ಮೀಟರ್ ರೆಕ್ಕೆಯನ್ನೂ 7.53 ಮೀಟರ್ ಉದ್ದವನ್ನೂ ಹಿಡಿದು ನಡುವಿನದನ್ನು ಅಳೆದು ತೆಗೆಯುತ್ತಿದ್ದೀಯ. ಸಿಗದ ಕಡೆ ಅಂದಾಜು ಮಾಡುತ್ತೀಯ. ಅಂದಾಜು ಮಾಡಿದ್ದನ್ನು ಅಂದಾಜು ಅಂತಲೇ ಒಂದು ಹಾಳೆಯಲ್ಲಿ ಬರೆದಿಡು. ಅಳೆದದ್ದು ಇಷ್ಟು, ಫೋಟೋದಿಂದ ತೆಗೆದದ್ದು ಇಷ್ಟು, ದೊಡ್ಡಪ್ಪ ಹೇಳಿದ್ದು ಇಷ್ಟು. ನನ್ನ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕು, ನನಗೇನೂ ಬೇಜಾರಿಲ್ಲ.

ಕಂಪ್ಯೂಟರ್ ಕೆಲಸದಲ್ಲಿ ನಿನಗೆ ಬುದ್ಧಿ ಹೇಳುವಷ್ಟು ನನಗೆ ತಿಳಿಯದು. ನಿನ್ನ ತಮ್ಮ ಮೊನ್ನೆ ಆ ಸಿಮ್ಯುಲೇಟರ್ ತೋರಿಸಿದ, ಅಷ್ಟರ ಮೇಲೆ ಹೇಳುತ್ತಿದ್ದೇನೆ. ಅದರಲ್ಲಿ ಹಾರಿಸುವವನು ಮೈದಾನದಲ್ಲಿ ಒಂದೇ ಕಡೆ ನಿಂತಿರುತ್ತಾನೆ, ವಿಮಾನ ಅವನಿಂದ ದೂರ ಹೋಗುತ್ತದೆ. ಐವತ್ತು ಮೀಟರ್ ಆಚೆ ನಿನ್ನ ರಿವೆಟ್ ಯಾವುದೂ ಕಾಣದು. ಕಾಣುವುದು ರೆಕ್ಕೆ ತುದಿ ಎಷ್ಟು ಮೇಲೆದ್ದಿದೆ, ಮೂತಿ ಎಷ್ಟು ಉದ್ದ, ಬಿಸಿಲು ಯಾವ ಮಗ್ಗುಲಿಗೆ ಬಿದ್ದಿದೆ, ಇಷ್ಟೇ. ಮೊದಲು ಆ ಆಕಾರವನ್ನು ಕಪ್ಪು ನೆರಳಿನ ಹಾಗೆ ಮಾಡಿ ನೋಡಿದರೆ ಆಗದೇ? ರಿವೆಟ್‌ಗಳನ್ನು ಆಕಾರದಲ್ಲಿ ಕೊರೆಯದೆ ಮೇಲಿನ ಚಿತ್ರದಲ್ಲೇ ಉಬ್ಬಿದಂತೆ ತೋರಿಸಬಹುದು ಅಂತ ನಿನ್ನ ತಮ್ಮನೇ ಹೇಳಿದ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೇನೋ.

ಮೂತಿಯ ಬಗ್ಗೆ ಮಾತ್ರ ಒಂದು ಎಚ್ಚರ. ಮೊದಲ ಮಾದರಿಗೆ ಇದ್ದದ್ದು ಜಿಪ್ಸಿ ಮೇಜರ್ ಎಂಜಿನ್. 1952ರಲ್ಲಿ ಹಾರಿದ ಎರಡನೆಯದಕ್ಕೂ ಆಮೇಲೆ ತಯಾರಾದವಕ್ಕೂ 155 ಅಶ್ವಶಕ್ತಿಯ ಸಿರಸ್ ಮೇಜರ್. ಎರಡು ಕಾಲದ ಫೋಟೋ ಬೆರೆಸಬೇಡ. ಆಮೇಲೆ ತೂಕ. ತುಂಬಿದ ವಿಮಾನ 1,016 ಕಿಲೋ. ನೀನು ಐದನೇ ಒಂದು ಅಳತೆಗೆ ಮಾಡುತ್ತಿದ್ದೀಯಲ್ಲ, ಉದ್ದ ಅಗಲ ಎತ್ತರ ಮೂರೂ ಐದರಲ್ಲಿ ಒಂದಾಗುವುದರಿಂದ 125ರಿಂದ ಭಾಗಿಸು, ಎಂಟು ಕಿಲೋ ಚಿಲ್ಲರೆ ಬರುತ್ತದೆ. ಅದಕ್ಕಿಂತ ತೀರ ಹಗುರ ಮಾಡಿದರೆ ಗಾಳಿಪಟದ ಹಾಗೆ ಆಡೀತು, ತರಬೇತಿ ವಿಮಾನದ ಗಾಂಭೀರ್ಯ ಬಾರದು.

ಮತ್ತೆ ಅಲ್ಲಿಗೇ ಬರುತ್ತೇನೆ, ಕ್ಷಮಿಸು. ಹಾರಿಸದೆ ಇಟ್ಟುಕೊಂಡರೆ ಅದು ಸುಳ್ಳೋ ನಿಜವೋ ನಿನಗೆ ತಿಳಿಯುವ ಬಗೆ ಹೇಗೆ? ಬಣ್ಣ ಹಚ್ಚದಿದ್ದರೂ ಪರವಾಗಿಲ್ಲ, ಕಾಕ್‌ಪಿಟ್ ಖಾಲಿ ಇದ್ದರೂ ಪರವಾಗಿಲ್ಲ. ನೆಲದ ಮೇಲೆ ಓಡಿಸು. ಬಾಲದ ಚಕ್ರದ ವಿಮಾನ, ಸುಮ್ಮನೆ ಬಿಟ್ಟರೆ ಹಿಂದು ಮುಂದಾಗಿ ತಿರುಗಿಬಿಡುತ್ತದೆ, ಎಡಕ್ಕೆ ಬಲಕ್ಕೆ ತಿರುಗಿಸುವ ರಡ್ಡರ್ ಮೇಲೆ ಗಮನವಿರಲಿ. ಒಂದು ಸುತ್ತು ಹಾಕಿ ಇಳಿಸು. ಆ ವಿಡಿಯೋ ನನಗೆ ಕಳಿಸು. ಎಲ್ಲಿ ಸರಿಯಿಲ್ಲ ಅನ್ನಿಸುತ್ತದೋ ಹೇಳುತ್ತೇನೆ. ಖಾತ್ರಿಯಿಲ್ಲದ್ದನ್ನು ಖಾತ್ರಿಯಿಲ್ಲ ಅಂತಲೇ ಹೇಳುತ್ತೇನೆ, ಈ ಸಲ.

ಬಾಲದ ಚಕ್ರದ ಜೋಡಣೆ ಹೇಗಿತ್ತು ಅಂತ ಕೇಳಿದ್ದೀಯ. ಅದನ್ನು ಈ ಕೈಯಿಂದ ಎಷ್ಟೋ ಸಲ ಬಿಚ್ಚಿ ಜೋಡಿಸಿದ್ದೇನೆ, ಬೆರಳಿಗೆ ಇನ್ನೂ ನೆನಪಿದೆ. ಕಾಗದದಲ್ಲಿ ಬರೆಯಲು ಬರುತ್ತಿಲ್ಲ. ಭಾನುವಾರ ಬೆಳಿಗ್ಗೆ ಫೋನ್ ಮಾಡು, ಪೆನ್ಸಿಲ್ ಹಿಡಿದು ಕೂತಿರು.

ಇಂತಿ ನಿನ್ನ
ದೊಡ್ಡಪ್ಪ